ಸೋಲಾರ್ ಯೂನಿಟ್ ಕಡಿಮೆಯಾಯ್ತಾ? ಏಣಿ ಹತ್ತುವ ಮೊದಲು ಇಷ್ಟು ನೋಡಿ

ಕಾಸರಗೋಡಿನ ನಮ್ಮ ಊರುಗಳಲ್ಲಿ ಮನೆ ಮೇಲೆ ಸೋಲಾರ್ ಹಾಕಿಸಿದವರು ವರ್ಷಕ್ಕೆ ಎರಡು ಸಲ ಗಾಬರಿ ಬೀಳುತ್ತಾರೆ. ಪತ್ತನಾಜೆ ಕಳೆದು ಮಳೆ ಹಿಡಿದಾಗ ಒಂದು ಸಲ. ಆಕಾಶ ಶುಭ್ರವಾಗಿದ್ದರೂ ಡಿಸೆಂಬರ್‌ನಲ್ಲಿ ಯೂನಿಟ್ ಇಳಿದಾಗ ಇನ್ನೊಂದು ಸಲ. ಎರಡೂ ಸಲ ಕೇಳಿಬರುವ ಮಾತು ಒಂದೇ: ಪ್ಯಾನೆಲ್ ಹಾಳಾಗಿದೆ. ಆದರೆ ಪ್ಯಾನೆಲ್ ಅಷ್ಟು ಸುಲಭಕ್ಕೆ ಹಾಳಾಗುವ ವಸ್ತುವಲ್ಲ. ನೆರಳು, ಕೊಳೆ, ಲೈನಿನ ವೋಲ್ಟೇಜ್, ನೀರು ಹೊಕ್ಕ ಕನೆಕ್ಟರ್, ಇವುಗಳನ್ನೇ ಮೊದಲು ಸಂಶಯಿಸಬೇಕು.

ಇವುಗಳಲ್ಲಿ ಹೆಚ್ಚಿನದನ್ನು ಅಂಗಳದಲ್ಲಿ ನಿಂತೇ ಪತ್ತೆ ಮಾಡಬಹುದು. ಖರ್ಚೂ ಇಲ್ಲ. ಹಾಗಾಗಿ ಮೇಲೆ ಹತ್ತುವ ಮಾತನ್ನು ಇಲ್ಲಿ ಆದಷ್ಟು ಹಿಂದಕ್ಕೆ ಇಟ್ಟಿದ್ದೇನೆ. ಮಳೆಗಾಲದಲ್ಲಿ ಪಾಚಿ ಹಿಡಿದ ಟೆರೇಸಿನಿಂದ ಜಾರಿ ಬಿದ್ದರೆ ಆಗುವ ನಷ್ಟದ ಮುಂದೆ ನಾಲ್ಕು ಯೂನಿಟ್ ಏನೇನೂ ಅಲ್ಲ.

ಶುರು ಮಾಡುವ ಮೊದಲು ಒಂದು ಎಚ್ಚರಿಕೆ

ಮನೆಯ ಮೇನ್ ಸ್ವಿಚ್ ಆಫ್ ಮಾಡಿದರೂ ಪ್ಯಾನೆಲ್ ಆಫ್ ಆಗುವುದಿಲ್ಲ. ಬೆಳಕು ಇರುವಷ್ಟು ಹೊತ್ತು ಅದರ ವಯರಿನಲ್ಲಿ ಡಿಸಿ (ಒಂದೇ ದಿಕ್ಕಿಗೆ ಹರಿಯುವ ಕರೆಂಟಿನ) ವೋಲ್ಟೇಜ್ ಇದ್ದೇ ಇರುತ್ತದೆ. ಸಾಲಾಗಿ ಜೋಡಿಸಿದ ಪ್ಯಾನೆಲ್‌ಗಳಲ್ಲಿ ಅದು 300 ವೋಲ್ಟ್ ದಾಟುವುದು ಸಾಮಾನ್ಯ. ಮೋಡ ಕವಿದ ದಿನವೂ ಇದರಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ. ಪ್ಯಾನೆಲ್ ಕೆಲಸ ಮಾಡುತ್ತಿರುವಾಗ ಎಂಸಿ4 ಕನೆಕ್ಟರನ್ನು (ಪ್ಯಾನೆಲ್ ವಯರುಗಳನ್ನು ಜೋಡಿಸುವ ಪ್ಲಗ್) ಎಳೆದು ಬಿಡಿಸಿದರೆ ಕಿಡಿ ಹತ್ತಿ ಹಾಗೇ ಉರಿಯುತ್ತದೆ. ಮನೆಯ ಲೈನಿನ ಎಸಿ ಕರೆಂಟಿನ ಕಿಡಿಯ ಹಾಗೆ ಅದು ತಾನಾಗಿ ಬೇಗ ನಂದುವುದಿಲ್ಲ. ಕನೆಕ್ಟರ್ ಬಿಡಿಸುವುದು, ಪ್ಯಾನೆಲ್ಲಿನ ಡಿಸಿಯನ್ನು ಎಸಿ ಮಾಡುವ ಇನ್ವರ್ಟರಿನ ಮುಚ್ಚಳ ತೆಗೆಯುವುದು, ಡಿಸಿ ಪೆಟ್ಟಿಗೆಯೊಳಗೆ ಕೈ ಹಾಕುವುದು, ಈ ಮೂರೂ ಮನೆಯವರ ಕೆಲಸವಲ್ಲ. ಊರಿನ ವಯರಿಂಗ್ ಕೆಲಸದವರು ಎಷ್ಟೇ ಪಳಗಿದವರಾಗಿರಲಿ, ಸೋಲಾರ್ ಡಿಸಿ ಕೆಲಸ ಗೊತ್ತಿಲ್ಲದಿದ್ದರೆ ಅವರ ಕೆಲಸವೂ ಅಲ್ಲ.

"ಯೂನಿಟ್ ಅರ್ಧಕ್ಕರ್ಧ ಇಳಿದಿದೆ"

ಯಾವುದಕ್ಕೆ ಹೋಲಿಸಿ ಅರ್ಧ? ಪ್ರಶ್ನೆ ಅಲ್ಲಿಂದಲೇ ಶುರುವಾಗಬೇಕು. ನಮ್ಮ ಕಡೆ ಫೆಬ್ರವರಿ, ಮಾರ್ಚ್‌ನ ಒಳ್ಳೆಯ ಬಿಸಿಲಿಗೆ 1 ಕಿಲೋವಾಟ್‌ಗೆ ದಿನಕ್ಕೆ ಸುಮಾರು 4 ಯೂನಿಟ್ ಸಿಗುತ್ತದೆ. 3 ಕಿಲೋವಾಟ್ ಇದ್ದರೆ 12ರ ಆಸುಪಾಸು. ಆಟಿಯ ಮಳೆ ಬಿಡದೆ ಸುರಿಯುವ ದಿನ ಅದೇ 3 ಕಿಲೋವಾಟ್ 3 ಯೂನಿಟ್ ಕೊಟ್ಟರೂ ಅದು ದೋಷ ಅಲ್ಲ. ಜೂನ್, ಜುಲೈಯನ್ನು ಮಾರ್ಚ್ ಜೊತೆ ಹೋಲಿಸಬೇಡಿ. ಕಳೆದ ವರ್ಷದ ಜುಲೈ ಜೊತೆ ಹೋಲಿಸಿ. ಅದಕ್ಕಿಂತಲೂ ಒಳ್ಳೆಯದು, ಅದೇ ದಿನ ಪಕ್ಕದ ಮನೆಯಲ್ಲಿ ಎಷ್ಟು ಬಂತು ಎಂದು ಕೇಳುವುದು. ಅವರ ಯೂನಿಟನ್ನು ಅವರ ಕಿಲೋವಾಟ್‌ನಿಂದ ಭಾಗಿಸಿ, ನಿಮ್ಮದನ್ನು ನಿಮ್ಮ ಕಿಲೋವಾಟ್‌ನಿಂದ ಭಾಗಿಸಿ. ಎರಡೂ ಹತ್ತಿರ ಹತ್ತಿರ ಇದ್ದರೆ ಅದು ಮೋಡದ ಆಟ, ಅಷ್ಟೇ.

ಏಪ್ರಿಲ್ ಬಿಸಿಲಿನ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆ ಇದೆ. ಸೆಕೆ ಜಾಸ್ತಿಯಾದರೆ ಕರೆಂಟ್ ಜಾಸ್ತಿ ಬರುವುದಿಲ್ಲ. ಪ್ಯಾನೆಲ್‌ಗೆ ಬೆಳಕು ಬೇಕು, ಬಿಸಿ ಬೇಡ. 25 ಡಿಗ್ರಿಯ ಮೇಲೆ ಒಂದೊಂದು ಡಿಗ್ರಿಗೂ ಶೇಕಡಾ 0.3ರಿಂದ 0.4ರಷ್ಟು ಉತ್ಪಾದನೆ ಇಳಿಯುತ್ತದೆ. ಉರಿ ಬಿಸಿಲಿಗೆ ಪ್ಯಾನೆಲ್ 60 ಡಿಗ್ರಿ ದಾಟಿದಾಗ ಶೇಕಡಾ 10ಕ್ಕಿಂತ ಹೆಚ್ಚು ಅಲ್ಲೇ ಹೋಯಿತು. ಮಳೆ ನಿಂತು ಗಾಳಿ ತಣ್ಣಗಿರುವ ಹೊತ್ತಿಗೆ ಮೋಡ ಸರಿದು ಬಿಸಿಲು ಬಿದ್ದರೆ ಇನ್ವರ್ಟರಿನಲ್ಲಿ ಏಪ್ರಿಲ್‌ಗಿಂತ ದೊಡ್ಡ ಅಂಕೆ ಕಾಣುವುದು ಇದೇ ಕಾರಣಕ್ಕೆ. ತಗಡಿನ ಶೀಟಿಗೆ ಅಂಟಿದ ಹಾಗೆ ಪ್ಯಾನೆಲ್ ಕೂರಿಸಿದ್ದರೆ ಅಡಿಯಲ್ಲಿ ಗಾಳಿಯಾಡದೆ ಬಿಸಿ ಇನ್ನೂ ಜಾಸ್ತಿ. ಅಡಿಯಲ್ಲಿ ಒಣ ಎಲೆ, ಸೋಗೆ ತುಂಬಿದ್ದರೂ ಹಾಗೆಯೇ.

ಪ್ಯಾನೆಲ್‌ಗೆ ವಯಸ್ಸೂ ಆಗುತ್ತದೆ. ವರ್ಷಕ್ಕೆ ಶೇಕಡಾ ಅರ್ಧದಷ್ಟು, ಸ್ವಲ್ಪ ಜಾಸ್ತಿ ಇಳಿಯುವುದು ಸಹಜ. ಒಂದೇ ವರ್ಷದಲ್ಲಿ ಶೇಕಡಾ 10 ಇಳಿದರೆ ಮುಂದೆ ಓದಿ.

"ಸೋಲಾರ್ ಇದ್ದರೂ ಬಿಲ್ ಜಾಸ್ತಿ ಬಂತು"

ಬಿಲ್ ನೋಡಿ ಸೋಲಾರ್ ಕೆಟ್ಟಿದೆ ಎಂದು ತೀರ್ಮಾನಿಸಬೇಡಿ. ನೆಟ್ ಮೀಟರಿನಲ್ಲಿ ಎರಡು ಅಂಕೆ ಇರುತ್ತದೆ. ಲೈನಿನಿಂದ ಒಳಗೆ ಬಂದದ್ದು ಒಂದು, ನಿಮ್ಮ ಮನೆಯಿಂದ ಹೊರಗೆ ಹೋದದ್ದು ಇನ್ನೊಂದು. ಹಗಲಿನಲ್ಲಿ ಮನೆಯೊಳಗೇ ಖರ್ಚಾದ ಸೋಲಾರ್ ಕರೆಂಟ್ ಈ ಮೀಟರಿಗೆ ಕಾಣುವುದೇ ಇಲ್ಲ. ಅದನ್ನು ತಿಳಿಯಲು ಪಕ್ಕದ ಸೋಲಾರ್ ಮೀಟರ್ ನೋಡಬೇಕು.

ಲೆಕ್ಕ ಹೀಗೆ: ಸೋಲಾರ್ ಮೀಟರಿನ ಯೂನಿಟ್‌ನಿಂದ ಹೊರಗೆ ಹೋದದ್ದನ್ನು ಕಳೆಯಿರಿ, ಒಳಗೆ ಬಂದದ್ದನ್ನು ಕೂಡಿಸಿ. ತಿಂಗಳಿಗೆ 330 ಉತ್ಪಾದನೆ, 190 ಹೊರಗೆ, 120 ಒಳಗೆ ಎಂದಾದರೆ ಮನೆಯ ಖರ್ಚು 260 ಯೂನಿಟ್. ಮುಂದಿನ ತಿಂಗಳು ಉತ್ಪಾದನೆ ಅಷ್ಟೇ ಇದ್ದು ಖರ್ಚು 350ಕ್ಕೆ ಏರಿದ್ದರೆ ತಪ್ಪು ಪ್ಯಾನೆಲ್‌ನದ್ದಲ್ಲ. ಹೊಸ ಏರ್ ಕಂಡಿಷನರ್, ಹಳೆ ಫ್ರಿಜ್, ನೀರು ಸೋರುವ ಟ್ಯಾಂಕಿಗಾಗಿ ಮತ್ತೆ ಮತ್ತೆ ಓಡುವ ಪಂಪು, ಅಲ್ಲಿ ಹುಡುಕಿ. ಇನ್ವರ್ಟರ್ ತೋರಿಸುವ ಯೂನಿಟ್‌ಗೂ ಸೋಲಾರ್ ಮೀಟರಿಗೂ ಸಣ್ಣ ವ್ಯತ್ಯಾಸ ಇದ್ದೇ ಇರುತ್ತದೆ. ವ್ಯತ್ಯಾಸ ದೊಡ್ಡದಿದ್ದರೆ ಮಾತ್ರ ಕೆಎಸ್‌ಇಬಿ (ಕೇರಳ ವಿದ್ಯುತ್ ಮಂಡಳಿ) ಸೆಕ್ಷನ್ ಆಫೀಸಿಗೆ ತಿಳಿಸಿ.

"ಆ್ಯಪ್‌ನಲ್ಲಿ ಏನೂ ಕಾಣುತ್ತಿಲ್ಲ"

ಇನ್ವರ್ಟರಿನ ಪರದೆಯನ್ನೋ ಸೋಲಾರ್ ಮೀಟರನ್ನೋ ನೋಡಿ. ಅಂಕೆ ಓಡುತ್ತಿದ್ದರೆ ಕರೆಂಟ್ ಬರುತ್ತಿದೆ, ಕೆಟ್ಟದ್ದು ವೈಫೈ. ರೂಟರ್ ಬದಲಿಸಿದಾಗ, ಪಾಸ್‌ವರ್ಡ್ ಬದಲಿಸಿದಾಗ ಹೀಗಾಗುತ್ತದೆ.

"ಇನ್ವರ್ಟರ್ ಸುಮ್ನೆ ಕೂತಿದೆ"

ರಾತ್ರಿ ಆರಿರುವುದು ಸರಿ. ಹಗಲಿನಲ್ಲಿ ಆರಿದ್ದರೆ ಮೊದಲು ನೋಡಬೇಕಾದದ್ದು, ಮನೆಗೆ ಲೈನ್ ಕರೆಂಟ್ ಇದೆಯಾ ಎಂದು. ಬ್ಯಾಟರಿ ಇಲ್ಲದ, ಗ್ರಿಡ್‌ಗೆ ಅಂದರೆ ಕರೆಂಟ್ ಲೈನಿಗೆ ಸೇರಿಸಿದ ಸೋಲಾರ್, ಲೈನ್ ಹೋದಾಗ ತಾನೂ ನಿಲ್ಲುತ್ತದೆ. ಇದು ಬೇಕೆಂದೇ ಮಾಡಿದ ವ್ಯವಸ್ಥೆ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮ್ಯಾನ್‌ಗೆ ನಿಮ್ಮ ಮನೆಯ ಕರೆಂಟ್ ಹೊಡೆಯಬಾರದಲ್ವಾ. ಲೈನ್ ಬಂದ ಮೇಲೂ ತಕ್ಷಣ ಶುರುವಾಗುವುದಿಲ್ಲ. ಕನಿಷ್ಠ ಒಂದು ನಿಮಿಷ ನೋಡಿಕೊಂಡು ಮತ್ತೆ ಸೇರಿಕೊಳ್ಳುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ದಿನಕ್ಕೆ ಹತ್ತು ಸಲ ಕರೆಂಟ್ ಹೋಗಿ ಬರುವಾಗ ಸೋಲಾರ್ ಯೂನಿಟ್ ಕಡಿಮೆಯಾಗಲು ಇದೂ ಒಂದು ಕಾರಣ.

ಲೈನ್ ಇದ್ದೂ ಇನ್ವರ್ಟರ್ ಓಡದಿದ್ದರೆ ಪರದೆ ನೋಡಿ. ಪರದೆ ಬೆಳಗಿದ್ದು ಗ್ರಿಡ್ ಇಲ್ಲ ಎಂದು ತೋರಿಸಿದರೆ ತೊಂದರೆ ಎಸಿ ಕಡೆ. ಸೋಲಾರಿನ ಎಂಸಿಬಿ (ದೋಷ ಬಂದಾಗ ತಾನಾಗಿ ಬೀಳುವ ಸ್ವಿಚ್) ಬಿದ್ದಿರಬಹುದು. ಒಣ ಕೈಯಲ್ಲಿ ಒಂದೇ ಒಂದು ಸಲ ಮೇಲೆತ್ತಿ ನೋಡಿ. ಮತ್ತೆ ಬಿದ್ದರೆ ಬಿಟ್ಟುಬಿಡಿ, ಜನ ಕರೆಸಿ. ಒಳ್ಳೆಯ ಬಿಸಿಲಿದ್ದೂ ಪರದೆ ಪೂರ್ತಿ ಕತ್ತಲೆಯಾಗಿದ್ದರೆ ಹೆಚ್ಚಾಗಿ ಪ್ಯಾನೆಲ್ ಕಡೆಯ ಡಿಸಿ ಬರುತ್ತಿಲ್ಲ ಎಂದು ಅರ್ಥ. ಇನ್ವರ್ಟರಿನ ಅಡಿಯ ಡಿಸಿ ಸ್ವಿಚ್ ಯಾರಾದರೂ ತಿರುಗಿಸಿದ್ದಾರಾ ನೋಡಿ. ಅದೂ ಸರಿ ಇದ್ದರೆ ನಿಮ್ಮ ಕೆಲಸ ಅಲ್ಲಿಗೆ ಮುಗಿಯಿತು.

ಇನ್ವರ್ಟರನ್ನು ಆಫ್ ಮಾಡಿ ಆನ್ ಮಾಡುವುದಿದ್ದರೆ ಕ್ರಮ ಮುಖ್ಯ. ಮೊದಲು ಎಸಿ ಆಫ್, ಆಮೇಲೆ ಡಿಸಿ ಆಫ್. ಐದು ನಿಮಿಷ ಬಿಡಿ. ಆನ್ ಮಾಡುವ ಕ್ರಮ ಇನ್ವರ್ಟರಿನ ಪುಸ್ತಕದಲ್ಲಿ ಇರುವ ಹಾಗೆ.

"ಬೆಳಿಗ್ಗೆ ಚೆನ್ನಾಗಿರುತ್ತದೆ, ಮಧ್ಯಾಹ್ನ ನಿಂತು ಮತ್ತೆ ಶುರುವಾಗುತ್ತದೆ"

ನಮ್ಮ ಹಳ್ಳಿಗಳಲ್ಲಿ ಹೆಚ್ಚು ಜನರಿಗೆ ಅರ್ಥವಾಗದೆ ಉಳಿಯುವ ದೋಷ ಇದು. ಒಂದೇ ಟ್ರಾನ್ಸ್‌ಫಾರ್ಮರ್, ಅಲ್ಲಿಂದ ಗುಡ್ಡೆ ಹತ್ತಿ ತೋಟ ದಾಟಿ ಹೋಗುವ ಉದ್ದದ ಲೈನ್, ಕೊನೆಯಲ್ಲಿ ನಿಮ್ಮ ಮನೆ. ಮಧ್ಯಾಹ್ನ ಮನೆಯಲ್ಲಿ ಖರ್ಚು ಕಡಿಮೆ, ಸೋಲಾರ್ ಜಾಸ್ತಿ. ಆ ಕರೆಂಟ್ ಉದ್ದದ ಲೈನಿನಲ್ಲಿ ಹಿಂದಕ್ಕೆ ಹೋಗಬೇಕಾದರೆ ನಿಮ್ಮ ತುದಿಯಲ್ಲಿ ವೋಲ್ಟೇಜ್ ಏರಲೇಬೇಕು. ನಮ್ಮ ಲೈನಿನ ವೋಲ್ಟೇಜ್ 230. ಅದಕ್ಕಿಂತ ಶೇಕಡಾ 10 ಮೇಲೆ, ಅಂದರೆ 253 ದಾಟಿದರೆ ಇನ್ವರ್ಟರ್ ಬಿಟ್ಟುಕೊಳ್ಳಬೇಕು ಎಂಬುದು ನಿಯಮ. ಅದು ಬಿಟ್ಟುಕೊಳ್ಳುತ್ತದೆ, ವೋಲ್ಟೇಜ್ ಇಳಿಯುತ್ತದೆ, ಮತ್ತೆ ಸೇರುತ್ತದೆ, ಮತ್ತೆ ಏರುತ್ತದೆ. ಹೀಗೆ ದಿನದ ಅತ್ಯುತ್ತಮ ಎರಡು ಮೂರು ಗಂಟೆ ವ್ಯರ್ಥ.

ಪರೀಕ್ಷೆ ಸುಲಭ. ಇನ್ವರ್ಟರ್ ಪರದೆಯಲ್ಲಿ ಎಸಿ ವೋಲ್ಟೇಜ್ ಕಾಣುತ್ತದೆ. ಬೆಳಿಗ್ಗೆ 7ಕ್ಕೆ ಒಮ್ಮೆ, ಮಧ್ಯಾಹ್ನ 12ರಿಂದ 1ರ ನಡುವೆ ಎರಡು ಮೂರು ಸಲ ಬರೆದಿಡಿ. ಬೆಳಿಗ್ಗೆ 235 ಇದ್ದದ್ದು ಮಧ್ಯಾಹ್ನ 250 ದಾಟಿದರೆ ದೋಷ ಸಿಕ್ಕಿತು. ಆಗ ಇಸ್ತ್ರಿಪೆಟ್ಟಿಗೆ, ಗೀಸರ್, ನೀರಿನ ಮೋಟಾರ್ ಯಾವುದಾದರೂ ಒಂದನ್ನು ಹಾಕಿ ನೋಡಿ. ವೋಲ್ಟೇಜ್ ಇಳಿದು ಇನ್ವರ್ಟರ್ ನಿಲ್ಲದೆ ಓಡಿದರೆ ಇನ್ನೂ ಖಚಿತವಾಯಿತು. ಖರ್ಚಿಲ್ಲದ ಪರಿಹಾರವೂ ಇಲ್ಲೇ ಇದೆ: ವಾಷಿಂಗ್ ಮೆಷಿನ್, ಗ್ರೈಂಡರ್, ಟ್ಯಾಂಕ್ ತುಂಬಿಸುವುದು ಎಲ್ಲವನ್ನೂ 11ರಿಂದ 2ರೊಳಗೆ ತನ್ನಿ.

ಅದರಲ್ಲಿ ಮುಗಿಯದಿದ್ದರೆ ತಪ್ಪು ಎಲ್ಲಿದೆ ಎಂದು ಬೇರ್ಪಡಿಸಬೇಕು. ಸೋಲಾರ್ ಜೋರಾಗಿ ಓಡುವಾಗ ಎಲೆಕ್ಟ್ರಿಷಿಯನ್ ಹತ್ತಿರ ಇನ್ವರ್ಟರ್ ತುದಿಯಲ್ಲೂ ಮೀಟರ್ ಹತ್ತಿರವೂ ಒಟ್ಟಿಗೆ ಅಳೆಸಿ. ಎರಡರ ನಡುವೆ ನಾಲ್ಕೈದು ವೋಲ್ಟ್‌ಗಿಂತ ಹೆಚ್ಚು ವ್ಯತ್ಯಾಸ ಬಂದರೆ ನಡುವಿನ ಕೇಬಲ್ ತೆಳುವಾಯಿತು, ಇಲ್ಲವೇ ಎಲ್ಲೋ ಜೋಡಣೆ ಸಡಿಲವಿದೆ. ಅದನ್ನು ಸರಿ ಮಾಡಬೇಕಾದವರು ಸೋಲಾರ್ ಹಾಕಿದವರು. ಎರಡೂ ಕಡೆ ಒಂದೇ ಇದ್ದರೆ ಅದು ಲೈನಿನ ವಿಷಯ. ಬರೆದಿಟ್ಟ ಅಂಕೆಗಳ ಜೊತೆ ಕೆಎಸ್‌ಇಬಿ ಸೆಕ್ಷನ್ ಆಫೀಸಿಗೆ ಬರಹದಲ್ಲಿ ಕೊಡಿ. ವೋಲ್ಟೇಜ್ ಏರಿಳಿಸುವ ಟ್ರಾನ್ಸ್‌ಫಾರ್ಮರಿನ ಟ್ಯಾಪ್ ಬದಲಿಸುವುದು, ಮನೆಗಳನ್ನು ಮೂರು ಫೇಸಿಗೆ ಸಮನಾಗಿ ಹಂಚುವುದು ಅವರಿಂದ ಮಾತ್ರ ಆಗುವ ಕೆಲಸ. "ಸೆಟ್ಟಿಂಗ್‌ನಲ್ಲಿ ಮಿತಿ ಏರಿಸಿ ಕೊಡುತ್ತೇವೆ" ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಆ ಹೆಚ್ಚಿನ ವೋಲ್ಟೇಜ್ ನಿಮ್ಮ ಫ್ರಿಜ್‌ಗೂ ಪಕ್ಕದ ಮನೆಯ ಟಿವಿಗೂ ಹೋಗುತ್ತದೆ.

ಒಂದು ಲಕ್ಷಣ ಮಾತ್ರ ಕಾಯುವಂಥದ್ದಲ್ಲ. ಮನೆಯ ಕೆಲವು ದೀಪ ಜೋರಾಗಿ, ಕೆಲವು ಮಂಕಾಗಿ ಉರಿಯುತ್ತಾ ವೋಲ್ಟೇಜ್ ಓಲಾಡುತ್ತಿದ್ದರೆ ನ್ಯೂಟ್ರಲ್ ಸಡಿಲಾಗಿರಬಹುದು. ಮೇನ್ ಆಫ್ ಮಾಡಿ 1912ಕ್ಕೆ ಕರೆ ಮಾಡಿ.

ಇನ್ವರ್ಟರ್ ನಿಲ್ಲುವುದಿಲ್ಲ, ಆದರೆ ಮಧ್ಯಾಹ್ನ ಒಂದು ಅಂಕೆಯ ಮೇಲೆ ಏರುವುದೇ ಇಲ್ಲ ಎಂದಾದರೆ ಅದು ಬಿಸಿಯ ಲಕ್ಷಣವಾಗಿರಬಹುದು. ಪಡುವಣ ಗೋಡೆಗೆ, ತಗಡಿನ ಅಡಿಗೆ ಹಾಕಿದ ಇನ್ವರ್ಟರ್ ತನ್ನನ್ನು ಕಾಪಾಡಿಕೊಳ್ಳಲು ಉತ್ಪಾದನೆ ಇಳಿಸುತ್ತದೆ. ಅದರ ಸುತ್ತ ಇಟ್ಟ ಅಡಿಕೆ ಗೋಣಿ ತೆಗೆಯಿರಿ. ಬಿಸಿಲು ನೇರ ಬೀಳದ ಹಾಗೆ ಮರೆ ಮಾಡಿ.

"ಮಳೆ ಬಂದರೆ ಕೆಂಪು ದೀಪ, ಬಿಸಿಲೇರಿದ ಮೇಲೆ ತಾನೇ ಸರಿ"

ತಾನೇ ಸರಿಯಾಗುತ್ತದಲ್ಲಾ ಎಂದು ಇದನ್ನು ಬಿಡುವವರೇ ಜಾಸ್ತಿ. ದಯವಿಟ್ಟು ಬಿಡಬೇಡಿ. ಇನ್ವರ್ಟರ್ ಬೆಳಿಗ್ಗೆ ಶುರುವಾಗುವ ಮೊದಲು ಡಿಸಿ ವಯರಿನಿಂದ ಭೂಮಿಗೆ ಕರೆಂಟ್ ಸೋರುತ್ತಿದೆಯಾ ಎಂದು ಪರೀಕ್ಷಿಸುತ್ತದೆ. ಸೋರಿಕೆ ಕಂಡರೆ ಐಸೋಲೇಷನ್ ಅಥವಾ ಅರ್ತ್ ಫಾಲ್ಟ್ ಎಂಬ ಸಂದೇಶ ಬರುತ್ತದೆ. ನೀರು ಆರಿದ ಮೇಲೆ ಸೋರಿಕೆ ನಿಂತು ಮತ್ತೆ ಓಡುತ್ತದೆ. ಮೂಲ ಗಾಯ ಹಾಗೇ ಇರುತ್ತದೆ.

ಕಾರಣಗಳು ನಮ್ಮ ಹವೆಗೆ ತಕ್ಕಂತೆಯೇ ಇವೆ. ಸರಿಯಾಗಿ ಒತ್ತದ ಕನೆಕ್ಟರಿಗೆ ನೀರು ಹೊಕ್ಕಿರುತ್ತದೆ. ಬೇರೆ ಬೇರೆ ಕಂಪೆನಿಯ ಕನೆಕ್ಟರ್ ಜೋಡಿಸಿದರೆ ಎಡೆ ಉಳಿಯುತ್ತದೆ. ವಯರ್ ಟೆರೇಸಿನ ಮೇಲೆ ಬಿದ್ದು ನಿಂತ ನೀರಿನಲ್ಲಿ ನೆನೆಯುತ್ತದೆ. ಪೈಪಿನ ಬಾಯಿ ಮೇಲಕ್ಕಿದ್ದರೆ ಒಳಗೆ ನೀರು ತುಂಬುತ್ತದೆ. ಇಲಿ, ಅಳಿಲು ಕಚ್ಚಿದ ವಯರ್ ಬೇರೆ. ಉಪ್ಪಳ, ಕುಂಬಳೆ, ಮಂಜೇಶ್ವರದ ಕಡಲ ಬದಿಯಲ್ಲಿ ಉಪ್ಪುಗಾಳಿಗೆ ಬೋಲ್ಟು, ಕ್ಲ್ಯಾಂಪು ತುಕ್ಕು ಹಿಡಿಯುವುದು ಇನ್ನೂ ಬೇಗ.

ನೀವು ಮಾಡಬಹುದಾದದ್ದು ಕೆಳಗಿನಿಂದ ನೋಡಿ ಫೋಟೊ ತೆಗೆಯುವುದು: ನೇತಾಡುವ ವಯರ್, ನೀರಿನಲ್ಲಿ ಬಿದ್ದ ಕನೆಕ್ಟರ್, ಬಿರುಕು ಬಿಟ್ಟ ಪ್ಯಾನೆಲ್ ಗಾಜು. ಕೆಂಪು ದೀಪ ಉರಿಯುವಾಗ ಪ್ಯಾನೆಲ್ಲಿನ ಫ್ರೇಮ್, ಕಬ್ಬಿಣದ ಸ್ಟ್ಯಾಂಡ್ ಮುಟ್ಟಬೇಡಿ. ಅದಕ್ಕೆ ತಾಗಿಸಿ ಬಟ್ಟೆ ಒಣಗಿಸುವ ಸರಿಗೆ ಕಟ್ಟಿದ್ದರೆ ಅದನ್ನೂ ಮುಟ್ಟಬೇಡಿ. ಮಕ್ಕಳನ್ನು ಟೆರೇಸಿಗೆ ಬಿಡಬೇಡಿ. ತಂತ್ರಜ್ಞರು ಬರಬೇಕಾದದ್ದು ಮಳೆ ನಿಂತ ಮೇಲೆ ಅಲ್ಲ, ಮಳೆಗಾಲದಲ್ಲೇ. ಒಣಗಿದ ಮೇಲೆ ಬಂದರೆ ಮೀಟರಿನಲ್ಲಿ ಎಲ್ಲವೂ ಸರಿಯಾಗಿ ಕಾಣುತ್ತದೆ.

"ಬಿಸಿಲಿದೆ, ಆದರೂ ನವೆಂಬರ್‌ನಿಂದ ಇಳಿಯುತ್ತಿದೆ"

ಇದು ನೆರಳು. ಕಾಸರಗೋಡು ಇರುವುದು ಸುಮಾರು 12.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಗೆ ಸೂರ್ಯ ಮಧ್ಯಾಹ್ನ ನೆತ್ತಿಯ ಮೇಲೇ ಇರುತ್ತಾನೆ. ಡಿಸೆಂಬರ್ ಕೊನೆಗೆ ಮಧ್ಯಾಹ್ನವೂ ತೆಂಕು ದಿಕ್ಕಿಗೆ ವಾಲಿ 54 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತಾನೆ. ಆಗ ಪ್ಯಾನೆಲ್ ಮಟ್ಟದಿಂದ 15 ಮೀಟರ್ ಎತ್ತರಕ್ಕೆ ಬೆಳೆದ ತೆಂಗಿನ ನೆರಳು ನಡು ಮಧ್ಯಾಹ್ನವೂ 11 ಮೀಟರಿನಷ್ಟು ಬಡಗು ದಿಕ್ಕಿಗೆ ಚಾಚುತ್ತದೆ. ಬೆಳಿಗ್ಗೆ, ಸಂಜೆ ಇನ್ನೂ ಉದ್ದ. ಮಾರ್ಚ್‌ನಲ್ಲಿ ಅಳತೆ ತೆಗೆದು "ಇಲ್ಲಿ ನೆರಳೇ ಇಲ್ಲ" ಎಂದು ಹಾಕಿಸಿದ ಪ್ಯಾನೆಲ್ ಡಿಸೆಂಬರ್‌ನಲ್ಲಿ ನೆರಳಿಗೆ ಸಿಗುವುದು ಹೀಗೆ. ಅಡಿಕೆ ಮರವೂ ವರ್ಷ ವರ್ಷ ಏರುತ್ತದೆ. ಮೂರು ವರ್ಷ ಹಿಂದೆ ಇಲ್ಲದ ನೆರಳು ಈಗ ಇರಬಹುದು.

ಪ್ಯಾನೆಲ್‌ಗಳು ಗದ್ದೆಗೆ ನೀರು ಹರಿಸುವ ಒಂದೇ ಪೈಪಿನ ಹಾಗೆ ಸಾಲಾಗಿ ಸೇರಿರುತ್ತವೆ. ಒಂದು ಕಡೆ ಅದುಮಿದರೆ ಮುಂದಕ್ಕೂ ಕಡಿಮೆ. ನೆರಳು ಬಿದ್ದ ಭಾಗವನ್ನು ಬಿಟ್ಟು ಕರೆಂಟ್ ಸುತ್ತಿ ಹೋಗಲು ದಾರಿ ಕೊಡುವ ಬೈಪಾಸ್ ಡಯೋಡ್ ಒಳಗೆ ಇರುವುದರಿಂದ ಪೂರ್ತಿ ನಿಲ್ಲುವುದಿಲ್ಲ. ಆದರೂ ಒಂದು ಮಡಲಿನ ನೆರಳು ಕಸಿಯುವ ಕರೆಂಟ್ ಅದು ಮುಚ್ಚುವ ಜಾಗಕ್ಕಿಂತ ತುಂಬ ಜಾಸ್ತಿ.

ಡಿಸೆಂಬರ್‌ನ ಒಂದು ಶುಭ್ರ ದಿನ 9 ಗಂಟೆ, 12 ಗಂಟೆ, 3 ಗಂಟೆಗೆ ಪ್ಯಾನೆಲ್ಲಿನ ಫೋಟೊ ತೆಗೆಯಿರಿ. ಕೆಳಗಿನಿಂದ ಕಾಣದಿದ್ದರೆ ಉದ್ದದ ಕೋಲಿಗೆ ಮೊಬೈಲ್ ಕಟ್ಟಿ. ಕೋಲು ಒಣಗಿರಲಿ, ಲೈನಿನ ಹತ್ತಿರ ಹೋಗದಿರಲಿ. ಆ್ಯಪ್‌ನ ದಿನದ ಗ್ರಾಫ್‌ನಲ್ಲೂ ಗುರುತು ಸಿಗುತ್ತದೆ. ಮೋಡದ ಕುಳಿ ಒಂದೊಂದು ದಿನ ಒಂದೊಂದು ಕಡೆ. ನೆರಳಿನ ಕುಳಿ ಪ್ರತಿದಿನ ಅದೇ ಹೊತ್ತಿಗೆ. ಮರ ಕಡಿಯುವ ಯೋಚನೆ ಮೊದಲೇ ಬೇಡ. ಒಣ ಮಡಲು ಇಳಿಸಿ, ಡಿಶ್ ಆಂಟೆನಾ ಸರಿಸಿ, ನೀರಿನ ಟ್ಯಾಂಕಿನ ಜಾಗ ಬದಲಿಸಲು ಆಗುತ್ತದಾ ನೋಡಿ. ಫಲ ಕೊಡುವ ತೆಂಗನ್ನು 9 ಗಂಟೆಯ ನೆರಳಿಗಾಗಿ ಕಡಿಯುವುದು ನನಗೆ ಸರಿ ಕಾಣುವುದಿಲ್ಲ. ನಡು ಮಧ್ಯಾಹ್ನವೇ ನೆರಳಿದ್ದರೆ ಎರಡು ಪ್ಯಾನೆಲ್ ಜಾಗ ಬದಲಿಸುವ ಖರ್ಚು ಕೇಳಿ ನೋಡಿ.

"ವಾರದಿಂದ ವಾರಕ್ಕೆ ಸ್ವಲ್ಪ ಸ್ವಲ್ಪವೇ ಇಳಿಯುತ್ತಿದೆ"

ಜನವರಿಯಿಂದ ಮೇವರೆಗೆ ಹೀಗಾದರೆ ಕೊಳೆ. ಮಣ್ಣು ರಸ್ತೆಯ ಬದಿಯ ಮನೆಗಳಿಗೆ ಮುರಕಲ್ಲಿನ ಕೆಂಪು ಧೂಳು, ಜೊತೆಗೆ ಕಾಗೆ, ಪಾರಿವಾಳದ ಹಿಕ್ಕೆ. ಹಿಕ್ಕೆ ಸಣ್ಣದಾದರೂ ಬಿಡಬೇಡಿ. ಅದು ಮುಚ್ಚಿದ ಜಾಗ ಬಿಸಿಯಾಗಿ ಪ್ಯಾನೆಲ್‌ಗೆ ಕಾಯಂ ಕಲೆ ಬೀಳಬಹುದು.

ಅಡಿಕೆ ತೋಟದ ಮಗ್ಗುಲಿನವರಿಗೆ ಇನ್ನೊಂದು ವಿಷಯ ಇದೆ. ಕೊಳೆರೋಗಕ್ಕೆ ಮಳೆಗಾಲದ ಮೊದಲೊಮ್ಮೆ, ಮತ್ತೆ ನಲವತ್ತು ನಲವತ್ತೈದು ದಿನ ಬಿಟ್ಟು ಬೋರ್ಡೋ ಮದ್ದು ಬಿಡುತ್ತೇವೆ. ಗಾಳಿಗೆ ಅದರ ಹನಿ ಪ್ಯಾನೆಲ್ ಮೇಲೂ ಕೂರುತ್ತದೆ. ಮಳೆಗೆ ಹೋಗುತ್ತದೆ ಎಂದು ಕಾಯಬೇಡಿ. ಮಳೆಗೆ ತೊಳೆದು ಹೋಗದೆ ಗೊನೆಗೆ ಅಂಟಿ ನಿಲ್ಲಬೇಕೆಂದೇ ಮೈಲುತುತ್ತು, ಸುಣ್ಣ ಸೇರಿಸಿ ಅದನ್ನು ಮಾಡುವುದು. ಒಣಗುವ ಮೊದಲೇ, ಅದೇ ದಿನ ಸಂಜೆ ನೀರು ಹಾಯಿಸಿ. ಮದ್ದು ಬಿಡುವ ಹೊತ್ತಿಗೆ ಟಾರ್ಪಾಲ್ ಹೊದೆಸಿದರೆ ಇನ್ನೂ ಒಳ್ಳೆಯದು. ಒಣಗಿ ಬೆಳ್ಳಗೆ ನೀಲಿಯಾಗಿ ಕೂತಿದ್ದರೆ ಒದ್ದೆ ಬಟ್ಟೆ ಹಾಕಿ ನೆನೆಸಿ ಮೆಲ್ಲಗೆ ಒರೆಸಿ. ಕತ್ತಿ, ಬ್ಲೇಡು, ಪಾತ್ರೆ ತಿಕ್ಕುವ ನಾರು ಬೇಡ. ತಾಮ್ರದ ಅಂಶ ಅಲ್ಯೂಮಿನಿಯಂ ಫ್ರೇಮಿಗೂ ಒಳ್ಳೆಯದಲ್ಲ.

ತೊಳೆಯುವುದು ಬೆಳಗ್ಗೆ ಬಿಸಿಲೇರುವ ಮೊದಲು, ಇಲ್ಲವೇ ಸಂಜೆ ತಂಪಾದ ಮೇಲೆ. ಕಾದ ಗಾಜಿಗೆ ತಣ್ಣೀರು ಬಿದ್ದರೆ ಬಿರುಕು ಬರಬಹುದು. ಇನ್ವರ್ಟರನ್ನು ಮೊದಲೇ ಆಫ್ ಮಾಡಿ. ಗಾಜು ಒಡೆದ ಪ್ಯಾನೆಲ್ ಇದ್ದರೆ, ಕೆಂಪು ದೀಪ ಬಂದಿದ್ದರೆ ನೀರು ಹಾಯಿಸಲೇಬೇಡಿ. ಬಾವಿಯ ಮೆದು ನೀರು, ಮೆತ್ತನೆ ಬಟ್ಟೆ ಸಾಕು. ಕೊಳವೆಬಾವಿಯ ಗಡಸು ನೀರಾದರೆ ಆರುವ ಮೊದಲು ಒರೆಸಿ. ಸೋಪುಪುಡಿ ಬೇಡ, ಪ್ರೆಷರ್ ಪಂಪು ಬೇಡ, ಪ್ಯಾನೆಲ್ ಮೇಲೆ ಕಾಲಿಡುವುದಂತೂ ಬೇಡವೇ ಬೇಡ. ಇಳಿಜಾರು ಮಾಡಿನ ಮೇಲಿದ್ದರೆ ನೆಲದಿಂದಲೇ ಉದ್ದದ ಕೋಲಿನ ಬ್ರಶ್ ಬಳಸಿ. ತೊಳೆಯುವ ಹಿಂದಿನ ಶುಭ್ರ ದಿನದ ಯೂನಿಟನ್ನು ತೊಳೆದ ಮರುದಿನದ ಯೂನಿಟ್ ಜೊತೆ ಇಟ್ಟು ನೋಡಿ. ಏರಿಕೆ ಕಂಡರೆ ಎಷ್ಟು ದಿನಕ್ಕೊಮ್ಮೆ ತೊಳೆಯಬೇಕು ಎಂದು ನಿಮಗೇ ತಿಳಿಯುತ್ತದೆ. ಏನೂ ಏರದಿದ್ದರೆ ದೋಷ ಬೇರೆ ಕಡೆ ಇದೆ.

"ಸಿಡಿಲು ಬಂದ ಮರುದಿನದಿಂದ ಕಡಿಮೆ"

ಬೇಸಿಗೆ ಮಳೆಗೂ ತುಲಾ ಮಾಸದ ಮಳೆಗೂ ನಮ್ಮಲ್ಲಿ ಗುಡುಗು ಸಿಡಿಲು ಜೋರು. ಸಿಡಿಲಿನ ಮರುದಿನ ಎಸಿ, ಡಿಸಿ ಪೆಟ್ಟಿಗೆಗಳ ಸರ್ಜ್ ರಕ್ಷಕದ (ಸಿಡಿಲಿಗೆ ನುಗ್ಗುವ ವೋಲ್ಟೇಜ್ ತಡೆಯುವ ಸಾಧನ) ಸಣ್ಣ ಕಿಟಕಿ ಹೊರಗಿನಿಂದ ಕಾಣುತ್ತಿದ್ದರೆ ನೋಡಿ. ಹಸಿರು ಇದ್ದರೆ ಸರಿ. ಕೆಂಪು ಆಗಿದ್ದರೆ ಅದು ಏಟು ತಿಂದು ನಿಮ್ಮ ಇನ್ವರ್ಟರನ್ನು ಉಳಿಸಿದೆ. ಮುಂದಿನ ಸಿಡಿಲಿಗೆ ಮೊದಲು ಬದಲಿಸಲೇಬೇಕು. ಉತ್ಪಾದನೆ ಅರ್ಧವಾಗಿದ್ದರೆ ಎರಡು ಸಾಲಿನಲ್ಲಿ ಒಂದು ಸಾಲಿನ ಫ್ಯೂಸ್ ಹೋಗಿರಬಹುದು. ಸ್ವಲ್ಪವೇ ಇಳಿದು ಹಾಗೇ ನಿಂತಿದ್ದರೆ ಒಂದು ಪ್ಯಾನೆಲ್ಲಿನ ಬೈಪಾಸ್ ಡಯೋಡ್ ಸುಟ್ಟಿರಬಹುದು. ಸಾಮಾನ್ಯ ಪ್ಯಾನೆಲ್ಲಿನಲ್ಲಿ ಇಂಥ ಮೂರು ಡಯೋಡ್ ಇರುತ್ತದೆ, ಒಂದು ಹೋದರೆ ಆ ಪ್ಯಾನೆಲ್ಲಿನ ಮೂರನೇ ಒಂದು ಪಾಲು ಹೋಯಿತು. ಇದನ್ನು ಪತ್ತೆ ಮಾಡಲು ಮೀಟರ್ ಹಿಡಿದು ಗೊತ್ತಿದ್ದವರೇ ಬರಬೇಕು.

ನಮ್ಮ ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಅರ್ತಿಂಗ್ ದುರ್ಬಲವಾಗುತ್ತದೆ. ಮೊದಲ ಸಿಡಿಲು ಬರುವುದೂ ಅದೇ ಹೊತ್ತಿಗೆ. ಅರ್ತ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕುತ್ತಿರಿ. ಅಳೆಸುವುದಾದರೆ ಮಾರ್ಚ್, ಏಪ್ರಿಲ್‌ನಲ್ಲಿ ಅಳೆಸಿ. ಮಳೆಗಾಲದಲ್ಲಿ ಅಳೆದರೆ ಎಲ್ಲರದ್ದೂ ಚೆನ್ನಾಗಿಯೇ ಬರುತ್ತದೆ.

"ಸುಟ್ಟ ವಾಸನೆ, ಚಿರಿಚಿರಿ ಶಬ್ದ"

ಇಲ್ಲಿ ಪರೀಕ್ಷೆ ಇಲ್ಲ. ಇನ್ವರ್ಟರ್, ಪೆಟ್ಟಿಗೆ, ವಯರ್ ಯಾವುದರಲ್ಲೇ ಆಗಲಿ, ಕರಕಲು ಕಲೆ, ಕರಗಿದ ಪ್ಲಾಸ್ಟಿಕ್, ಕಿಡಿಯ ಶಬ್ದ ಇದ್ದರೆ ಮನೆಯವರನ್ನು ದೂರ ಕಳಿಸಿ. ಎಸಿ ಸ್ವಿಚ್ ಹತ್ತಿರ ಹೊಗೆ ಇಲ್ಲದಿದ್ದರೆ ಮಾತ್ರ ಆಫ್ ಮಾಡಿ. ಬೆಂಕಿ ಕಂಡರೆ ನೀರು ಎರಚಬೇಡಿ. 101ಕ್ಕೆ ಕರೆ ಮಾಡಿ, ಮನೆ ಮೇಲೆ ಸೋಲಾರ್ ಇದೆ ಎಂದು ಮೊದಲೇ ಹೇಳಿ.

ತಂತ್ರಜ್ಞರನ್ನು ಕರೆಯುವಾಗ

"ಸೋಲಾರ್ ಸರಿ ಇಲ್ಲ" ಎಂದಷ್ಟೇ ಹೇಳಿದರೆ ಅವರು ಬಂದು ತೊಳೆದು ಹೋಗುತ್ತಾರೆ. ಪರದೆಯ ಎರರ್ ಕೋಡಿನ ಫೋಟೊ, ಅದು ಬಂದ ಗಂಟೆ, ಆಗ ಮಳೆ ಇತ್ತಾ ಬಿಸಿಲಾ, ಮಧ್ಯಾಹ್ನದ ವೋಲ್ಟೇಜ್, ಕಳೆದ ವರ್ಷದ ಅದೇ ತಿಂಗಳ ಯೂನಿಟ್, ಇಷ್ಟನ್ನು ಮೊದಲೇ ಕಳಿಸಿ. ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯ ಸಬ್ಸಿಡಿಯಲ್ಲಿ ಹಾಕಿಸಿದ್ದರೆ 5 ವರ್ಷದ ನಿರ್ವಹಣೆ ಹಾಕಿದವರ ಹೊಣೆ, ಒಪ್ಪಂದದ ಕಾಗದದಲ್ಲಿ ಅದಿದೆ. ಪ್ಯಾನೆಲ್ಲಿನ ಉತ್ಪಾದನೆಗೆ ಸಾಮಾನ್ಯವಾಗಿ 25 ವರ್ಷದ ಖಾತರಿ ಇರುತ್ತದೆ. ಇನ್ವರ್ಟರಿನದ್ದು ಅಷ್ಟು ದೀರ್ಘ ಅಲ್ಲ, ಮುಗಿಯುವ ದಿನಾಂಕ ಈಗಲೇ ನೋಡಿಡಿ. ಪ್ಯಾನೆಲ್ಲಿನ ಹಿಂಬದಿಯ ಸೀರಿಯಲ್ ನಂಬರಿನ ಫೋಟೊ ಇಲ್ಲದೆ ಖಾತರಿ ಕೇಳುವುದು ಕಷ್ಟ. ಅದನ್ನು ಮುಂದಿನ ಸಲ ಅವರು ಮೇಲೆ ಹತ್ತಿದಾಗ ಅವರ ಕೈಯಲ್ಲೇ ತೆಗೆಸಿಕೊಳ್ಳಿ.